ಗೆದ್ದವನು ಮತ್ತೊಮ್ಮೆ ಗೆಲ್ಲಬೇಕೆ?

(ಬಾನುಲಿ ಭಾಷಣ)



ನ್ಯಾಯಾಲಯದ ಮೆಟ್ಟಿಲು ಹತ್ತಿದವರನ್ನು ಕುರಿತು ನಮ್ಮಲ್ಲಿ ಒಂದು ಗಾದೆಯುಂಟು: ಗೆದ್ದವನು ಸೋತ, ಸೋತವನು ಸತ್ತ. ಈ ಗಾದೆಯನ್ನು ಕಟ್ಟಿದ ಹಿರಿಯರ ಕಣ್ಣ ಮುಂದೆ ಇದ್ದದ್ದು ಬಹುಶಃ ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯ, ಗದ್ದೆಯ ಬದುವಿನ ವ್ಯಾಜ್ಯ. ಅಲ್ಲಿ ಗೆದ್ದವನು ವಕೀಲರಿಗೂ ಓಡಾಟಕ್ಕೂ ಹಣ ಸುರಿದು ಬರಿಗೈಯಾಗುತ್ತಿದ್ದನಾದರೂ ಕೊನೆಗೆ ಆ ತುಂಡು ನೆಲವಾದರೂ ಅವನದಾಗುತ್ತಿತ್ತು. ಸರ್ಕಾರವೇ ಎದುರಾಳಿಯಾದಾಗ, ಅದರಲ್ಲಿಯೂ ಅನ್ನ ಕೊಡುವ ಯಜಮಾನನಾಗಿ ಸರ್ಕಾರ ಎದುರು ನಿಂತಾಗ, ಗೆದ್ದವನು ಸೋಲುವ ಇನ್ನೊಂದು ಬಗೆಯುಂಟು. ತೀರ್ಪು ಅವನ ಕೈಯಲ್ಲಿರುತ್ತದೆ. ತೀರ್ಪು ಹೇಳಿದ ಫಲ ಮಾತ್ರ ಕೈಗೆ ಬರುವುದಿಲ್ಲ. ಆಗ ಅವನು ಎರಡನೆಯ ಸಲ ನ್ಯಾಯಾಲಯಕ್ಕೆ ಹೋಗಬೇಕಾಗುತ್ತದೆ. ಆ ಎರಡನೆಯ ಪಯಣಕ್ಕೆ ಕಾನೂನಿನಲ್ಲಿ ನ್ಯಾಯಾಲಯ ನಿಂದನೆಯ ಪ್ರಕರಣವೆಂದು ಹೆಸರು. ಈ ಹೊತ್ತು ಅದರ ವಿಚಾರವಾಗಿ ನಾಲ್ಕು ಮಾತುಗಳನ್ನು ತಮ್ಮ ಮುಂದೆ ಇಡಬಯಸುತ್ತೇನೆ.

ನಾನು ಹೊಸ ಅಗ್ರಹಾರದ ಕಡೆಯವನು. ವಕೀಲಿ ವೃತ್ತಿಯಲ್ಲಿ ಬಹುಕಾಲ ಕಳೆದವನು. ಕೃಷ್ಣರಾಜನಗರ, ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಸೀಮೆಯಲ್ಲಿ ದೊಡ್ಡ ಕಾರ್ಖಾನೆಗಳು ಕಡಿಮೆ. ಬೇಸಾಯವನ್ನು ಬಿಟ್ಟರೆ ತಿಂಗಳು ತಿಂಗಳು ಸಂಬಳ ಕೊಡುವ ಯಜಮಾನನೆಂದರೆ ಹೆಚ್ಚಾಗಿ ಸರ್ಕಾರವೇ. ಶಾಲೆ, ಆಸ್ಪತ್ರೆ, ಪಂಚಾಯಿತಿ, ನೀರಾವರಿ ನಾಲೆ, ನಾಗರಹೊಳೆಯ ಅಂಚಿನ ಕಾಡು, ಸಾರಿಗೆ ಬಸ್ಸು ಇವೆಲ್ಲವುಗಳಲ್ಲಿ ನಮ್ಮ ಜನ ದುಡಿಯುತ್ತಾರೆ. ಕಾಯಮ್ಮಾದವರು ಕೆಲವರು, ದಿನಗೂಲಿ, ಗುತ್ತಿಗೆ, ಹೊರಗುತ್ತಿಗೆ ಎಂಬ ನಾನಾ ಹೆಸರಿನವರು ಹಲವರು. ಇವರಲ್ಲೊಬ್ಬನಿಗೆ ಅನ್ಯಾಯವಾಯಿತೆಂದರೆ ಅವನು ಕೃಷ್ಣರಾಜನಗರಕ್ಕೆ ಬಂದು ರೈಲು ಹಿಡಿದು, ಮೈಸೂರನ್ನು ದಾಟಿ, ಬೆಂಗಳೂರಿನ ಉಚ್ಚ ನ್ಯಾಯಾಲಯಕ್ಕೋ ರಾಜ್ಯ ಆಡಳಿತ ನ್ಯಾಯಮಂಡಳಿಗೋ ಹೋಗಬೇಕು. ಪ್ರತಿಯೊಂದು ವಾಯಿದೆಗೂ ಒಂದು ದಿನದ ಕೂಲಿ ಹೋಗುತ್ತದೆ. ಇಂಥವನು ಗೆದ್ದ ಮೇಲೆ ಮತ್ತೆ ಹೊರಡಬೇಕೆಂದರೆ ಅದರ ಭಾರವೇನೆಂಬುದನ್ನು ಪಟ್ಟಣದಲ್ಲಿ ಕುಳಿತವರು ಊಹಿಸುವುದು ಕಷ್ಟ.

ನಿಂದನೆ ಎಂಬ ಶಬ್ದವೇ ಮೊದಲು ನಮ್ಮನ್ನು ದಾರಿ ತಪ್ಪಿಸುತ್ತದೆ. ನಿಂದನೆಯೆಂದರೆ ಬೈಗುಳ, ಹಳಿಯುವಿಕೆ ಎಂದು ನಾವು ತಿಳಿಯುತ್ತೇವೆ. ನ್ಯಾಯಾಧೀಶರನ್ನು ಹಳಿದವನ ಮೇಲೆ ಹೂಡುವ ಮೊಕದ್ದಮೆಯೂ ಉಂಟು. ಅದನ್ನು ಕ್ರಿಮಿನಲ್ ನಿಂದನೆ ಎನ್ನುತ್ತಾರೆ. ನಮ್ಮ ನೌಕರನ ಪ್ರಕರಣ ಆ ಜಾತಿಯದಲ್ಲ. 1971ರ ನ್ಯಾಯಾಲಯ ನಿಂದನೆಗಳ ಕಾಯಿದೆಯು ಎರಡನೆಯ ಬಗೆಯೊಂದನ್ನು ಹೇಳುತ್ತದೆ. ನ್ಯಾಯಾಲಯದ ತೀರ್ಪು, ಡಿಕ್ರಿ, ನಿರ್ದೇಶನ, ಆದೇಶ, ರಿಟ್ಟುಗಳಿಗೆ ಬುದ್ಧಿಪೂರ್ವಕವಾಗಿ ಅವಿಧೇಯನಾಗುವುದು, ಅಥವಾ ನ್ಯಾಯಾಲಯಕ್ಕೆ ಕೊಟ್ಟ ವಚನವನ್ನು ಬುದ್ಧಿಪೂರ್ವಕವಾಗಿ ಮುರಿಯುವುದು ಸಿವಿಲ್ ನಿಂದನೆ. ಇಲ್ಲಿ ಯಾರೂ ಯಾರನ್ನೂ ಬೈದಿರುವುದಿಲ್ಲ. ಕಚೇರಿಯವರು ಅತ್ಯಂತ ವಿನಯದಿಂದಲೇ ಇರುತ್ತಾರೆ. ಆದೇಶದ ನಕಲನ್ನು ಪಡೆದು, ಮೊಹರು ಹಾಕಿ, ಕಡತದಲ್ಲಿ ಸೇರಿಸಿ, ದಾರ ಕಟ್ಟಿ ಇಡುತ್ತಾರೆ. ಆ ಮೌನವೇ ನಿಂದನೆ.

ಈ ಅವಿಧೇಯತೆಯನ್ನು ದಂಡಿಸುವ ಅಧಿಕಾರ ಸರ್ವೋಚ್ಚ ನ್ಯಾಯಾಲಯಕ್ಕೆ ಸಂವಿಧಾನದ 129ನೆಯ ಅನುಚ್ಛೇದದಿಂದಲೂ ಉಚ್ಚ ನ್ಯಾಯಾಲಯಗಳಿಗೆ 215ನೆಯ ಅನುಚ್ಛೇದದಿಂದಲೂ ಬಂದಿದೆ. 1985ರ ಆಡಳಿತ ನ್ಯಾಯಮಂಡಳಿಗಳ ಕಾಯಿದೆಯ ಮೇರೆಗೆ 1986ರಲ್ಲಿ ನಮ್ಮ ರಾಜ್ಯದ ನ್ಯಾಯಮಂಡಳಿ ಸ್ಥಾಪಿತವಾಯಿತು. ತನ್ನ ಆದೇಶವನ್ನು ಮೀರಿದವರ ವಿಷಯದಲ್ಲಿ ಅದಕ್ಕೂ ಉಚ್ಚ ನ್ಯಾಯಾಲಯಕ್ಕಿರುವಂಥ ಅಧಿಕಾರವೇ ಇದೆ. ಕಾಯಿದೆಯಲ್ಲಿ ಹೇಳಿರುವ ಶಿಕ್ಷೆಯಾದರೋ ದೊಡ್ಡದೇನಲ್ಲ: ಆರು ತಿಂಗಳವರೆಗೆ ಸಾದಾ ಸಜೆ, ಅಥವಾ 2,000 ರೂಪಾಯಿಗಳವರೆಗೆ ಜುಲ್ಮಾನೆ, ಅಥವಾ ಎರಡೂ. ಅವಿಧೇಯನಾದವನು ಮನಃಪೂರ್ವಕವಾಗಿ ಕ್ಷಮೆ ಬೇಡಿದರೆ ಬಿಟ್ಟುಬಿಡಲೂ ಅವಕಾಶವಿದೆ.

ಇಷ್ಟು ಸಣ್ಣ ಶಿಕ್ಷೆಗೆ ದೊಡ್ಡ ಅಧಿಕಾರಿಗಳು ಹೆದರುವರೆ ಎಂದು ತಾವು ಕೇಳಬಹುದು. ನಮ್ಮ ರಾಜ್ಯದಲ್ಲಿಯೇ ನಡೆದ ಒಂದು ಪ್ರಕರಣವನ್ನು ಇಲ್ಲಿ ನೆನೆಯಬೇಕು. ಬೆಂಗಳೂರು ನಗರದ ಪಾಲಿಕೆಯ ಎಂಜಿನಿಯರೊಬ್ಬರು ತಮಗೆ ಸಲ್ಲಬೇಕಾದ ಬಡ್ತಿಯ ವಿಷಯವಾಗಿ ನ್ಯಾಯಾಲಯಕ್ಕೆ ಹೋಗಿ ಗೆದ್ದರು. ವಿಷಯ ಸರ್ವೋಚ್ಚ ನ್ಯಾಯಾಲಯದಲ್ಲಿ ಇತ್ಯರ್ಥವಾದ ಮೇಲೂ ಆದೇಶ ಸಂಪೂರ್ಣವಾಗಿ ಜಾರಿಗೆ ಬರಲಿಲ್ಲ. ನಿಯಮಗಳು ಹೀಗಿವೆ, ಹಾಗಿವೆ ಎಂಬ ಉತ್ತರ ಬಂದಿತು. 1995ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸಂಬಂಧಪಟ್ಟ ಇಲಾಖೆಯ ಕಾರ್ಯದರ್ಶಿಯಾಗಿದ್ದ ಹಿರಿಯ ಐ.ಎ.ಎಸ್. ಅಧಿಕಾರಿ ಜೆ. ವಾಸುದೇವನ್ ಅವರಿಗೆ ಒಂದು ತಿಂಗಳ ಸಾದಾ ಸಜೆಯನ್ನು ವಿಧಿಸಿತು. ಪುನರ್ವಿಮರ್ಶೆಯ ಅರ್ಜಿಯನ್ನೂ ತಳ್ಳಿಹಾಕಿತು. ಉಭಯಪಕ್ಷಗಳ ನಡುವಣ ಹಕ್ಕು ಒಮ್ಮೆ ಕೊನೆಯದಾಗಿ ತೀರ್ಮಾನವಾದ ಬಳಿಕ, ನಿಯಮಗಳ ಪುಸ್ತಕವನ್ನು ಮತ್ತೆ ತಿರುವಿ ಹಾಕಿ ಆ ತೀರ್ಮಾನವನ್ನು ಮೊಟಕುಗೊಳಿಸುವ ಹಕ್ಕು ಅಧಿಕಾರಿಗೆ ಇಲ್ಲವೆಂಬುದು ಆ ತೀರ್ಪಿನ ತಿರುಳು. ದಂಡನೆಯು ಕಠಿಣವಾದ ಹೆಜ್ಜೆಯೆಂದೂ ಸಾಮಾನ್ಯವಾಗಿ ಅದನ್ನು ಇಡಬಾರದೆಂದೂ ಒಪ್ಪಿಕೊಂಡೇ, ಅಗತ್ಯ ಬಿದ್ದಾಗ ಇಡುವುದು ನ್ಯಾಯಾಲಯದ ಕರ್ತವ್ಯವೆಂದು ನ್ಯಾಯಮೂರ್ತಿಗಳು ಹೇಳಿದರು. ವಿಧಾನಸೌಧದ ಮೊಗಸಾಲೆಗಳಲ್ಲಿ ಈ ಸುದ್ದಿ ಉಂಟುಮಾಡಿದ ತಲ್ಲಣವನ್ನು ಆ ಕಾಲದವರು ಮರೆತಿರಲಾರರು.

ಇದು ನಮ್ಮ ದೇಶಕ್ಕೆ ಮಾತ್ರ ಸೇರಿದ ಮಾತಲ್ಲ. ಇದಕ್ಕೆ ಎರಡು ವರ್ಷ ಮೊದಲು, 1993ರಲ್ಲಿ, ಇಂಗ್ಲೆಂಡಿನ ಪ್ರಭುಗಳ ಸಭೆಯ ನ್ಯಾಯಪೀಠವು ಆ ದೇಶದ ಗೃಹಸಚಿವರೇ ನ್ಯಾಯಾಲಯದ ಆದೇಶವನ್ನು ಮೀರಿದರೆಂದು ತೀರ್ಮಾನಿಸಿತ್ತು. ಅದು ಆಶ್ರಯ ಬೇಡಿ ಬಂದ ಆಫ್ರಿಕದ ಉಪಾಧ್ಯಾಯನೊಬ್ಬನನ್ನು ಹೊರಗೆ ಕಳಿಸಿದ ಪ್ರಕರಣ. ಅಲ್ಲಿ ಸೆರೆಮನೆಯ ಮಾತು ಬರಲಿಲ್ಲ. ತಪ್ಪು ನಡೆದಿದೆಯೆಂಬ ತೀರ್ಮಾನವೇ ಸಾಕೆನಿಸಿತು. ದಾರಿಗಳು ಬೇರೆಯಾದರೂ ತತ್ತ್ವ ಒಂದೇ. ರಾಜನ ಹೆಸರಿನಲ್ಲಿ ಆಳುವವನೂ ಪ್ರಜೆಯ ಹೆಸರಿನಲ್ಲಿ ಆಳುವವನೂ ನ್ಯಾಯಾಲಯದ ಆದೇಶವನ್ನು ಬೇಕೆಂದಾಗ ಪಾಲಿಸಿ ಬೇಡವೆಂದಾಗ ಬಿಡುವ ಸಲಹೆಯಂತೆ ಕಾಣಲಾಗದು.

ಆದರೆ ಕೇಳುಗರೇ, ಇಂಥ ಪ್ರಸಿದ್ಧ ಪ್ರಕರಣಗಳನ್ನು ಪತ್ರಿಕೆಗಳಲ್ಲಿ ಓದಿದ ನೌಕರನು ನಿಂದನೆಯ ಅರ್ಜಿ ಹಾಕಿದೊಡನೆ ಅಧಿಕಾರಿ ನಡುಗಿ ತನ್ನ ಕೆಲಸವನ್ನು ಬೆಳ್ಳಿಯ ತಟ್ಟೆಯಲ್ಲಿಟ್ಟು ಕೊಡುವನೆಂದು ನಂಬುತ್ತಾನೆ. ಇಲ್ಲಿಯೇ ಅನೇಕರು ಮೋಸಹೋಗುವುದು. ನಾನು ಬಲ್ಲ ಒಬ್ಬ ಹಿರಿಯನ ಸಂಗತಿಯನ್ನು ಹೇಳುತ್ತೇನೆ. ಸಾರ್ವಜನಿಕ ಸಂಸ್ಥೆಯೊಂದರಲ್ಲಿ ಬಹಳ ವರ್ಷ ದಿನಗೂಲಿಯ ಮೇಲೆ ಕಾವಲು ಕಾದವನು. ತನ್ನನ್ನು ಕಾಯಮ್ಮಾಡಬೇಕೆಂದು ಬೇಡಿ ಅವನು ಹಾಕಿದ್ದ ರಿಟ್ ಅರ್ಜಿ ಇತ್ಯರ್ಥವಾಯಿತು. ಅವನ ಮನವಿಯನ್ನು ಕಾನೂನಿನಂತೆ ಮೂರು ತಿಂಗಳೊಳಗೆ ಪರಿಗಣಿಸತಕ್ಕದ್ದು ಎಂದು ಆದೇಶವಾಯಿತು. ಊರಿನಲ್ಲಿ ಸಿಹಿ ಹಂಚಿದರು. ಮೂರು ತಿಂಗಳು ಕಳೆಯಿತು, ಆರು ಕಳೆಯಿತು. ಕಚೇರಿಯಿಂದ ಒಂದು ಕಾಗದವೂ ಇಲ್ಲ. ನಿಂದನೆಯ ಅರ್ಜಿಯನ್ನು ಹಾಕಿದ ಮೇಲೆ, ವಿಚಾರಣೆಗೆ ಎರಡು ದಿನವಿರುವಾಗ, ಹಿಂಬರಹವೊಂದು ಬಂದಿತು: ಸದರಿ ಮನವಿಯನ್ನು ಪರಿಗಣಿಸಲಾಗಿದೆ, ನಿಯಮಗಳಲ್ಲಿ ಅವಕಾಶವಿಲ್ಲದ ಕಾರಣ ತಿರಸ್ಕರಿಸಲಾಗಿದೆ. ನ್ಯಾಯಾಲಯವು ಆದೇಶ ಪಾಲನೆಯಾಗಿದೆಯೆಂದು ದಾಖಲಿಸಿ ಪ್ರಕರಣವನ್ನು ಮುಕ್ತಾಯಗೊಳಿಸಿತು. ಆ ಹಿರಿಯ ನನ್ನನ್ನು ಕೇಳಿದ್ದು ಇಷ್ಟೇ: “ಗೆದ್ದಿವಿ ಅಂದ್ರಲ್ಲ ಸ್ವಾಮಿ, ಅವ್ರೂ ಹೇಳ್ದಂಗೆ ಮಾಡವ್ರೆ ಅಂತೀರಿ. ಹಂಗಾದ್ರೆ ನಂಗೆ ಸಿಕ್ಕಿದ್ದೇನು?”

ಅವನ ಪ್ರಶ್ನೆಗೆ ಕಾನೂನು ಕೊಡುವ ಉತ್ತರ ಆ ‘ಪರಿಗಣಿಸು’ ಎಂಬ ಒಂದು ಮಾತಿನಲ್ಲಿದೆ. ಪರಿಗಣಿಸು ಎಂದರೆ ಕೊಡು ಎಂದರ್ಥವಲ್ಲ; ಕಣ್ಣಿಟ್ಟು ನೋಡಿ ತೀರ್ಮಾನ ಹೇಳು ಎಂದಷ್ಟೇ ಅರ್ಥ. ನೋಡಿ, ಇಲ್ಲವೆಂದು ಹೇಳಿದರೂ ಆದೇಶ ಪಾಲನೆಯಾದಂತೆಯೇ. ಆ ‘ಇಲ್ಲ’ ಎಂಬುದು ತಪ್ಪಾಗಿದ್ದರೆ ಅದನ್ನು ಪ್ರಶ್ನಿಸಲು ಹೊಸ ಅರ್ಜಿಯನ್ನೇ ಹಾಕಬೇಕು. ರಾಜಸ್ಥಾನದ ಜ್ಯೇಷ್ಠತಾ ಪಟ್ಟಿಯೊಂದರ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ಹೀಗೆಯೇ ಹೇಳಿತು: ಆದೇಶಕ್ಕೆ ಅನುಸಾರವಾಗಿ ಅಧಿಕಾರಿ ಒಂದು ತೀರ್ಮಾನ ಕೈಗೊಂಡರೆ, ಅದು ಸರಿಯೋ ತಪ್ಪೋ ಎಂಬುದು ಹೊಸ ವ್ಯಾಜ್ಯದ ವಿಷಯ, ನಿಂದನೆಯ ಪ್ರಕರಣದಲ್ಲಿ ಅದನ್ನು ತೂಗಲಾಗದು. 2006ರಲ್ಲಿ ಆಂಧ್ರಪ್ರದೇಶದ ಸಾರಿಗೆ ಸಂಸ್ಥೆಯ ನೌಕರರ ಪ್ರಕರಣದಲ್ಲಿ ಅದೇ ನ್ಯಾಯಾಲಯವು ‘ಪರಿಗಣಿಸಿ’ ಎಂಬ ಆದೇಶಗಳಿಂದ ಹುಟ್ಟುವ ಗೊಂದಲವನ್ನು ವಿಸ್ತಾರವಾಗಿ ಬಿಡಿಸಿ ತೋರಿಸಿತು. ಹಕ್ಕು ಸಿದ್ಧವಾಗಿದ್ದರೆ ಕೊಡಿ ಎಂದೇ ಹೇಳಬೇಕು, ತೀರ್ಮಾನವನ್ನು ಅಧಿಕಾರಿಗೆ ಬಿಡುವುದಾದರೆ ಅದನ್ನೂ ಸ್ಪಷ್ಟವಾಗಿ ಹೇಳಬೇಕು ಎಂಬುದು ಅದರಿಂದ ನಾವು ಕಲಿಯಬೇಕಾದ ಪಾಠ. ತೈಲ ಮತ್ತು ನೈಸರ್ಗಿಕ ಅನಿಲ ನಿಗಮದ ನೌಕರರ ಪ್ರಕರಣವೊಂದರಲ್ಲಿ ಮದರಾಸಿನ ಉಚ್ಚ ನ್ಯಾಯಾಲಯವು ನಿಂದನೆಯ ವಿಚಾರಣೆಯ ಕಾಲಕ್ಕೆ ಹೊಸ ಹುದ್ದೆಗಳನ್ನು ಸೃಷ್ಟಿಸಲು ನಿರ್ದೇಶಿಸಿದ್ದಿತು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಮೂಲ ಆದೇಶದ ನಾಲ್ಕು ಗೋಡೆಗಳ ಆಚೆಗೆ ನಿಂದನೆಯ ಅಧಿಕಾರ ಹೋಗಲಾರದು.

ಆದುದರಿಂದ ನೌಕರನು ತಿಳಿಯಬೇಕಾದ ಮೊದಲ ಮಾತು: ನಿಂದನೆಯ ಅರ್ಜಿಯ ಬಲ ಮೂಲ ಆದೇಶದ ಅಕ್ಷರಗಳಲ್ಲಿದೆ. ಬಿತ್ತಿದ್ದು ‘ಪರಿಗಣಿಸಿ’ ಎಂದಾದರೆ ಬೆಳೆಯುವುದೂ ಪರಿಗಣನೆಯೇ. ತೀರ್ಪು ಕೈಗೆ ಬಂದ ದಿನ ಸಿಹಿ ಹಂಚುವುದಕ್ಕೆ ಮೊದಲು ಅದರ ಕೊನೆಯ ಕಂಡಿಕೆಯನ್ನು ವಕೀಲರಿಂದ ಮಾತು ಮಾತಾಗಿ ಓದಿಸಿ ಅರ್ಥ ಕೇಳಿಕೊಳ್ಳಬೇಕು. ಎರಡನೆಯ ಮಾತು: ಆದೇಶದ ದೃಢೀಕೃತ ನಕಲನ್ನು ಪತ್ರದೊಡನೆ ಅಧಿಕಾರಿಗೆ ತಲುಪಿಸಿ, ತಲುಪಿದ್ದಕ್ಕೆ ರುಜುವಾತು ಇಟ್ಟುಕೊಳ್ಳಬೇಕು. ತನಗೆ ತಿಳಿಯದ ಆದೇಶವನ್ನು ಬುದ್ಧಿಪೂರ್ವಕವಾಗಿ ಮೀರುವುದು ಯಾರಿಗೂ ಸಾಧ್ಯವಿಲ್ಲವಷ್ಟೆ. ಮೂರನೆಯ ಮಾತು: ಅವಿಧೇಯತೆ ನಡೆದಂದಿನಿಂದ ಒಂದು ವರ್ಷ ಕಳೆದ ಮೇಲೆ ನಿಂದನೆಯ ವಿಚಾರಣೆಯನ್ನು ಆರಂಭಿಸಲಾಗದೆಂದು ಕಾಯಿದೆಯ 20ನೆಯ ಪ್ರಕರಣ ಹೇಳುತ್ತದೆ. ಇಂದು ಬರುತ್ತದೆ, ನಾಳೆ ಬರುತ್ತದೆ ಎಂದು ಸಾಹೇಬರ ಬಾಗಿಲು ಕಾಯುತ್ತ ಈ ವರ್ಷವನ್ನು ಕಳೆದುಕೊಂಡವರನ್ನು ನಾನು ಕಂಡಿದ್ದೇನೆ.

ಇನ್ನು ಅಧಿಕಾರಿಯ ಪಕ್ಷದಲ್ಲಿಯೂ ಹೇಳಬೇಕಾದದ್ದಿದೆ. ಆದೇಶವನ್ನು ಪಾಲಿಸದ ಪ್ರತಿಯೊಬ್ಬನೂ ಉದ್ಧಟನಲ್ಲ. ಹುದ್ದೆ ಮಂಜೂರಾಗಬೇಕು, ಆರ್ಥಿಕ ಇಲಾಖೆ ಒಪ್ಪಬೇಕು, ಕಾನೂನು ಇಲಾಖೆಯ ಅಭಿಪ್ರಾಯ ಬರಬೇಕು. ಆದೇಶ ತಲುಪಿದಾಗ ಇದ್ದ ಅಧಿಕಾರಿ ವರ್ಗವಾಗಿ, ನಿಂದನೆಯ ನೋಟೀಸು ಬಂದಾಗ ಕುರ್ಚಿಯಲ್ಲಿ ಬೇರೊಬ್ಬನಿರುತ್ತಾನೆ. ತಾನೊಬ್ಬನೇ ಸಹಿ ಹಾಕಿ ಹಣ ಬಿಡುಗಡೆ ಮಾಡಿದರೆ ನಾಳೆ ಲೆಕ್ಕತಪಾಸಣೆಯವರು ತನ್ನನ್ನೇ ಹಿಡಿದಾರೆಂಬ ಅಂಜಿಕೆ ಅವನಿಗೆ. ಅದಕ್ಕಾಗಿ ಅವನು ಕಂಡುಕೊಂಡ ಸುಲಭದ ದಾರಿ ಅಪೀಲು. ಅಪೀಲು ಹಾಕುವುದು ಸರ್ಕಾರದ ಹಕ್ಕು, ಸರಿಯೇ. ಆದರೆ ಅಪೀಲು ಹಾಕಿದ ಮಾತ್ರಕ್ಕೆ ತಡೆಯಾಜ್ಞೆ ಸಿಕ್ಕಂತಾಗುವುದಿಲ್ಲ. ತಡೆಯಾಜ್ಞೆ ಇಲ್ಲದಿರುವಾಗ ಆದೇಶ ಜೀವಂತವಾಗಿಯೇ ಇರುತ್ತದೆ.

ಅಧಿಕಾರಿಯನ್ನು ಹಣಿಯುವುದೇ ನ್ಯಾಯವೆಂದು ಸರ್ವೋಚ್ಚ ನ್ಯಾಯಾಲಯವೂ ತಿಳಿದಿಲ್ಲ. ಉತ್ತರಪ್ರದೇಶದಲ್ಲಿ ನಿವೃತ್ತ ನ್ಯಾಯಾಧೀಶರ ಸವಲತ್ತುಗಳಿಗೆ ಸಂಬಂಧಿಸಿದ ಪ್ರಕರಣವೊಂದರಲ್ಲಿ ಅಲಹಾಬಾದಿನ ಉಚ್ಚ ನ್ಯಾಯಾಲಯವು ಹಿರಿಯ ಅಧಿಕಾರಿಗಳ ಮೇಲೆ ಕ್ರಮ ಕೈಗೊಂಡಿದ್ದಿತು. 2024ರ ಜನವರಿ 3ರಂದು ಸರ್ವೋಚ್ಚ ನ್ಯಾಯಾಲಯ ಆ ಆದೇಶಗಳನ್ನು ರದ್ದುಮಾಡಿ, ಅಧಿಕಾರಿಗಳನ್ನು ಖುದ್ದಾಗಿ ಕರೆಸುವ ವಿಷಯದಲ್ಲಿ ಒಂದು ಕಾರ್ಯವಿಧಾನವನ್ನೇ ರೂಪಿಸಿತು. ಮಾತು ಮಾತಿಗೆ ಕರೆಸಬಾರದು. ಕರೆಸಲೇಬೇಕಾದರೆ ಮೊದಲು ದೂರದೃಶ್ಯದ ಮೂಲಕ ಹಾಜರಾಗಲು ಅವಕಾಶವಿರಬೇಕು. ಅವರ ಉಡುಪಿನ ಬಗೆಗೆ ಟೀಕೆ ಮಾಡಬಾರದು. ಗೌರವ ಬೇಡುವವರು ಗೌರವ ಕೊಡಲೂ ಬೇಕೆಂಬ ಈ ಮಾತು ಒಪ್ಪತಕ್ಕದ್ದೇ.

ಆದರೆ ಸರ್ಕಾರದ ಕೈಯಲ್ಲಿ ಸಾಮಾನ್ಯ ಕಕ್ಷಿದಾರನಿಗಿಲ್ಲದ ಇನ್ನೊಂದು ಉಪಾಯವುಂಟು. ಆದೇಶ ಹಿಡಿಸದಿದ್ದರೆ ಕಾನೂನನ್ನೇ ಬದಲಿಸುವುದು. 1956ರ ಏಕೀಕರಣದ ಕಾಲಕ್ಕೆ ಮುಂಬಯಿ ಪ್ರಾಂತದಿಂದ ನಮ್ಮ ರಾಜ್ಯಕ್ಕೆ ಬಂದ ನೌಕರರಲ್ಲಿ ಕೆಲವರು ತಮ್ಮ ಬಡ್ತಿ ಮತ್ತು ಬಾಕಿ ವೇತನಗಳಿಗಾಗಿ ಹೋರಾಡಿ ಉಚ್ಚ ನ್ಯಾಯಾಲಯದಲ್ಲಿ ಗೆದ್ದಿದ್ದರು. ಬಡ್ತಿ, ವೇತನ ಮತ್ತು ಪಿಂಚಣಿಗಳ ನಿಯಂತ್ರಣಕ್ಕೆಂದು ಮಾಡಿದ 1973ರ ಕಾಯಿದೆಯ ಕೆಲವು ವಿಧಿಗಳ ಮೂಲಕ ರಾಜ್ಯವು ಆ ಆದೇಶಗಳ ಫಲವನ್ನು ತಡೆಯಹೊರಟಿತು. 1995ರಲ್ಲಿಯೇ, ಅಂದರೆ ಆ ಸಜೆಯ ತೀರ್ಪು ಬಂದ ವರ್ಷದಲ್ಲಿಯೇ, ಸರ್ವೋಚ್ಚ ನ್ಯಾಯಾಲಯ ಆ ವಿಧಿಗಳನ್ನು ಅಸಿಂಧುವೆಂದು ಸಾರಿತು. ತೀರ್ಪಿಗೆ ಆಧಾರವಾಗಿದ್ದ ಕೊರತೆಯನ್ನು ಸರಿಪಡಿಸಿ ಹೊಸ ಕಾನೂನು ಮಾಡುವ ಅಧಿಕಾರ ಶಾಸನಸಭೆಗಿದೆ. ಗೆದ್ದವನ ಕೈಯಿಂದ ತೀರ್ಪನ್ನು ಕಸಿದುಕೊಳ್ಳುವ ಅಧಿಕಾರವಿಲ್ಲ. ಈ ಎರಡರ ನಡುವಣ ಗೆರೆ ಸೂಕ್ಷ್ಮವಾದುದು. ಬಡ್ತಿಯಲ್ಲಿನ ಮೀಸಲಾತಿಯಿಂದ ಬರುವ ಜ್ಯೇಷ್ಠತೆಯ ಬಗೆಗೆ 2017ರ ಫೆಬ್ರವರಿಯಲ್ಲಿ ರಾಜ್ಯದ ವಿರುದ್ಧ ತೀರ್ಪು ಬಂದು, ಜ್ಯೇಷ್ಠತಾ ಪಟ್ಟಿಗಳನ್ನು ಮೂರು ತಿಂಗಳಲ್ಲಿ ಪರಿಷ್ಕರಿಸಬೇಕೆಂದಾಯಿತು. ತಡವಾದಾಗ ನಿಂದನೆಯ ಅರ್ಜಿಗಳೂ ಬಂದವು. ಆದರೆ ರಾಜ್ಯವು ಅಂಕಿಅಂಶಗಳನ್ನು ಕಲೆಹಾಕಿಸಿ, ತೀರ್ಪು ಎತ್ತಿ ತೋರಿಸಿದ್ದ ಕೊರತೆಯನ್ನು ತುಂಬಿ, ಹೊಸ ಕಾಯಿದೆಯನ್ನು ತಂದಿತು; 2019ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಒಂದೇ ರಾಜ್ಯ, ಎರಡು ಕಾಯಿದೆ. ಒಂದು ಬಿದ್ದಿತು, ಒಂದು ನಿಂತಿತು. ತೀರ್ಪನ್ನು ತಳ್ಳಿಹಾಕುವುದಕ್ಕೂ ತೀರ್ಪಿಗೆ ಉತ್ತರ ಕೊಡುವುದಕ್ಕೂ ಇರುವ ಅಂತರ ಅದು.

ದಿನಗೂಲಿಯವರ ಪಾಲಿಗಂತೂ ಈ ವಿಚಾರ ಬದುಕಿನ ಪ್ರಶ್ನೆ. 2006ರ ಏಪ್ರಿಲ್ 10ರಂದು ಬಂದ ಉಮಾದೇವಿ ಪ್ರಕರಣದ ತೀರ್ಪನ್ನು ಇಡೀ ದೇಶ ಬಲ್ಲದು. ಅದು ಹುಟ್ಟಿದ್ದು ನಮ್ಮ ರಾಜ್ಯದ ಕೆಲವು ಜಿಲ್ಲೆಗಳ ವಾಣಿಜ್ಯ ತೆರಿಗೆ ಕಚೇರಿಗಳ ದಿನಗೂಲಿ ನೌಕರರಿಂದ. ಹಿಂಬಾಗಿಲ ನೇಮಕಕ್ಕೆ ಕಾಯಮ್ಮಾತಿಯ ಹಕ್ಕಿಲ್ಲವೆಂದು ಸಂವಿಧಾನ ಪೀಠ ಹೇಳಿತು. ಜೊತೆಗೆ, ಮಂಜೂರಾದ ಹುದ್ದೆಗಳಲ್ಲಿ, ನ್ಯಾಯಾಲಯದ ಆದೇಶಗಳ ಆಸರೆಯಿಲ್ಲದೆ ಹತ್ತು ವರ್ಷಕ್ಕೂ ಮೀರಿ ದುಡಿದ ಅರ್ಹರನ್ನು ಒಂದು ಬಾರಿಯ ಕ್ರಮವಾಗಿ ಕಾಯಮ್ಮಾಡುವ ಕೆಲಸವನ್ನು ಆರು ತಿಂಗಳಲ್ಲಿ ಆರಂಭಿಸಬೇಕೆಂದೂ ಹೇಳಿತು. ಕಚೇರಿಗಳು ತೀರ್ಪಿನ ಮೊದಲ ಅರ್ಧವನ್ನು ಬಾಯಿಪಾಠ ಮಾಡಿಕೊಂಡವು. ಎರಡನೆಯ ಅರ್ಧವನ್ನು ಮರೆತವು. ನಮ್ಮ ರಾಜ್ಯ 2012ರಲ್ಲಿ ದಿನಗೂಲಿ ನೌಕರರ ಕ್ಷೇಮಾಭಿವೃದ್ಧಿಗೆ ಕಾಯಿದೆಯೊಂದನ್ನು ಮಾಡಿ ಸ್ವಲ್ಪ ನೆರಳು ಕೊಟ್ಟಿತು. 2024ರ ಡಿಸೆಂಬರಿನಲ್ಲಿ ಕೇಂದ್ರದ ಕಚೇರಿಯೊಂದರ ಕಸಗುಡಿಸುವವರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವೇ, ಉಮಾದೇವಿ ತೀರ್ಪನ್ನು ದೀರ್ಘಕಾಲ ದುಡಿದವರ ವಿರುದ್ಧ ಗುರಾಣಿಯಂತೆ ಹಿಡಿಯುವುದು ತಪ್ಪೆಂದು ಎಚ್ಚರಿಸಬೇಕಾಯಿತು.

ಪಾಲನೆ ತಡವಾದರೆ ಕಳೆಯುವುದು ಕಾಲ ಮಾತ್ರವೆಂದು ತಿಳಿಯಬಾರದು. ಪಿಂಚಣಿಗೆ ಅರ್ಹತಾ ಸೇವೆಯ ವರ್ಷಗಳ ಲೆಕ್ಕವಿದೆ. 2006ರ ಏಪ್ರಿಲ್ 1ರಿಂದ ಈಚೆಗೆ ಸರ್ಕಾರಿ ಸೇವೆಗೆ ಸೇರಿದವರನ್ನು ನಮ್ಮ ರಾಜ್ಯ ಹೊಸ ಪಿಂಚಣಿ ಯೋಜನೆಗೆ ಒಳಪಡಿಸಿತು. ಆದೇಶದಲ್ಲಿ ಹೇಳಿದ ದಿನಾಂಕದಿಂದ ಕಾಯಮ್ಮಾದನೇ, ಸಾಹೇಬರು ಸಹಿ ಹಾಕಿದ ದಿನದಿಂದ ಕಾಯಮ್ಮಾದನೇ ಎಂಬ ಒಂದೇ ಪ್ರಶ್ನೆಯ ಮೇಲೆ ಒಬ್ಬನ ಮುಪ್ಪಿನ ಅನ್ನ ನಿಂತಿರುತ್ತದೆ. ನಾನು ಹೇಳಿದ ಆ ಕಾವಲುಗಾರ ಹಿಂಬರಹವನ್ನು ಪ್ರಶ್ನಿಸಿ ಮತ್ತೊಮ್ಮೆ ಗೆದ್ದ. ಈ ಸಲ ಆದೇಶದಲ್ಲಿ ‘ಕೊಡತಕ್ಕದ್ದು’ ಎಂಬ ಮಾತಿತ್ತು. ಅದನ್ನು ಪಾಲಿಸುವ ವೇಳೆಗೆ ಅವನಿಗೆ ನಿವೃತ್ತಿಗೆ ಉಳಿದಿದ್ದದ್ದು ಒಂದು ವರ್ಷ ಚಿಲ್ಲರೆ.

ನಿಂದನೆಯ ಪ್ರಕರಣದಿಂದ ನೌಕರನಿಗೆ ಪರಿಹಾರ ಧನ ಸಿಗುವುದಿಲ್ಲ. ಅಧಿಕಾರಿ ಸೆರೆಮನೆಗೆ ಹೋದರೆ ನೌಕರನ ಮನೆಯ ಒಲೆ ಉರಿಯುವುದಿಲ್ಲ. ಅದು ನ್ಯಾಯಾಲಯಕ್ಕೂ ಆದೇಶ ಮೀರಿದವನಿಗೂ ನಡುವಣ ವಿಷಯ. ನೌಕರನು ಆ ಸುದ್ದಿಯನ್ನು ನ್ಯಾಯಾಲಯದ ಕಿವಿಗೆ ಮುಟ್ಟಿಸುವವನು ಮಾತ್ರ. ಇಷ್ಟಾಗಿಯೂ ಆ ಬಾಗಿಲು ತೆರೆದಿರಬೇಕು. ಏಕೆಂದರೆ ಖಾಸಗಿ ಯಜಮಾನನು ಹಟ ಹಿಡಿದರೆ ತನ್ನ ಹಣದಿಂದ ಹಿಡಿಯುತ್ತಾನೆ. ಸರ್ಕಾರ ಹಟ ಹಿಡಿಯುವುದು ಪ್ರಜೆಗಳ ತೆರಿಗೆಯ ಹಣದಿಂದ. ಆ ತೆರಿಗೆಯಲ್ಲಿ ಆ ಕಾವಲುಗಾರ ಕೊಂಡ ಬೆಂಕಿಪೊಟ್ಟಣದ ಪಾಲೂ ಸೇರಿದೆ. ತನ್ನ ವಿರುದ್ಧ ವಾದಿಸುವ ವಕೀಲರ ಶುಲ್ಕಕ್ಕೆ ಅವನೇ ಕಾಸು ಕೊಟ್ಟಂತಾಯಿತು.

ಆದುದರಿಂದ ಇಲಾಖೆಗಳು ಒಂದು ಸರಳ ನಿಯಮವನ್ನು ಪಾಲಿಸಿದರೆ ಸಾಕೆಂದು ನನ್ನ ಎಣಿಕೆ. ತೀರ್ಪು ಬಂದ ದಿನವೇ ಅದಕ್ಕೊಂದು ದಿನಾಂಕ ಹಾಕಿ, ಆ ದಿನದೊಳಗೆ ಪಾಲಿಸುವುದು, ಇಲ್ಲವೆ ಆ ದಿನದೊಳಗೆ ತಡೆಯಾಜ್ಞೆಯನ್ನು ತರುವುದು, ಇಲ್ಲವೆ ಹೆಚ್ಚಿನ ಕಾಲಾವಕಾಶವನ್ನು ನ್ಯಾಯಾಲಯದಿಂದಲೇ ಕೇಳಿ ಪಡೆಯುವುದು. ನಾಲ್ಕನೆಯ ದಾರಿ, ಅಂದರೆ ಕಡತಕ್ಕೆ ದಾರ ಕಟ್ಟಿ ಸುಮ್ಮನಿರುವುದು, ಇರಲೇಕೂಡದು. ಈ ಮೂರರಲ್ಲಿ ಒಂದನ್ನು ಮಾಡಿದ ಅಧಿಕಾರಿ ಯಾವ ನ್ಯಾಯಪೀಠದ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ. ಸೋತ ಮೇಲೆ ಸೋಲನ್ನು ಒಪ್ಪಿಕೊಳ್ಳುವುದು ಸಾಮಾನ್ಯ ಮನುಷ್ಯನಿಗೆ ಸೌಜನ್ಯ. ಸರ್ಕಾರಕ್ಕೆ ಅದು ಧರ್ಮ. ಅದು ಆ ಧರ್ಮವನ್ನು ನಡೆಸಿದ ದಿನ ಹಿರಿಯರ ಗಾದೆಯ ಮೊದಲ ಅರ್ಧವಾದರೂ ಸುಳ್ಳಾದೀತು.